ಮಂಡಿಯೊಳಗಿನ ಪ್ಲಾಸ್ಟಿಕ್ ಮುರಿದರೆ ತಪ್ಪು ನಡೆದವರದ್ದಲ್ಲ

"ಜಾಸ್ತಿ ಓಡಾಡಿಬಿಟ್ಟೆ, ಅದಕ್ಕೇ ಸವೆದುಹೋಯಿತು." ಮಂಡಿಗೆ ಎರಡನೇ ಸಲ ಆಪರೇಷನ್ ಆದವರು ಹೀಗೆ ತಮ್ಮನ್ನೇ ಹಳಿದುಕೊಳ್ಳುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಹೊರತೆಗೆದ ಕೃತಕ ಕೀಲುಗಳನ್ನು ಪರೀಕ್ಷಿಸುವ ಲ್ಯಾಬ್‌ನಲ್ಲಿ ನನ್ನ ಕೆಲಸ. ನಡೆದರೆ ಸವೆಯುತ್ತದೆ, ನಿಜ. ಆದರೆ ನನ್ನ ಮೇಜಿಗೆ ಬಂದ ಎಷ್ಟೋ ತುಂಡುಗಳ ಹಣೆಬರಹ ರೋಗಿಯ ಮೈ ಸೇರುವ ಮೊದಲೇ ಬರೆದಾಗಿತ್ತು.

ಕೃತಕ ಮಂಡಿಯಲ್ಲಿ ತೊಡೆಮೂಳೆಯ ತುದಿಗೆ ಲೋಹದ ಹೊದಿಕೆ, ಕೆಳಗಿನ ಮೂಳೆಯ ಮೇಲೆ ಲೋಹದ ತಟ್ಟೆ. ಎರಡರ ನಡುವೆ ಕೂರುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತುಂಡಿಗೆ ಇನ್ಸರ್ಟ್ ಅನ್ನುತ್ತೇವೆ. 1962ರಲ್ಲಿ ಇಂಗ್ಲೆಂಡಿನ ಮೂಳೆ ಸರ್ಜನ್ ಜಾನ್ ಚಾರ್ನ್‌ಲಿ ಸೊಂಟದ ಕೀಲಿಗೆ ಈ ಪ್ಲಾಸ್ಟಿಕ್ ಹಾಕತೊಡಗಿದರು. ಅದಕ್ಕೂ ಮುಂಚೆ ಹಾಕಿದ್ದ ಟೆಫ್ಲಾನ್ ಬಹಳ ಬೇಗ ಸವೆದು ಕೈಕೊಟ್ಟಿತ್ತು. ಸೊಂಟದಲ್ಲಿ ಗುಂಡು ಬಟ್ಟಲಿನೊಳಗೆ ಕೂರುವುದರಿಂದ ಭಾರ ಹರಡಿಕೊಳ್ಳುತ್ತದೆ. ಮಂಡಿಯಲ್ಲಿ ಆ ಅನುಕೂಲ ಕಮ್ಮಿ. ದುಂಡಗಿನ ಲೋಹ ಹೆಚ್ಚುಕಮ್ಮಿ ಸಪಾಟಾದ ಪ್ಲಾಸ್ಟಿಕ್ ಮೇಲೆ ಉರುಳುತ್ತ, ಜಾರುತ್ತ ಇರುತ್ತದೆ. ಭಾರವೆಲ್ಲ ಚಿಕ್ಕ ಜಾಗದ ಮೇಲೆ. ಆ ಭಾರದಿಂದ ಪ್ಲಾಸ್ಟಿಕ್ಕಿನೊಳಗೆ ಆಗುವ ಎಳೆದಾಟ ಜೋರಾಗಿರುವುದು ಮೇಲ್ಮೈಗಿಂತ ಒಂದೆರಡು ಮಿಲಿಮೀಟರ್ ಕೆಳಗೆ.

ಇನ್ನು ಗಾಮಾ ಕಿರಣದ ಕಥೆ. 1990ರ ದಶಕದ ಮಧ್ಯದವರೆಗೂ ಇನ್ಸರ್ಟನ್ನು ಗಾಳಿಯಿರುವ ಪೊಟ್ಟಣದಲ್ಲೇ ಇಟ್ಟು, ಕಿರಣ ಹಾಯಿಸಿ ಕ್ರಿಮಿಮುಕ್ತ ಮಾಡುವುದು ಸಾಮಾನ್ಯವಾಗಿತ್ತು. ಕಿರಣ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ಕತ್ತರಿಸುತ್ತದೆ, ತುಂಡಾದ ತುದಿಗಳಿಗೆ ಆಮ್ಲಜನಕ ಅಂಟಿಕೊಳ್ಳುತ್ತದೆ. ಪೊಟ್ಟಣ ಕಪಾಟಿನಲ್ಲಿ ಸುಮ್ಮನೆ ಕೂತಿದ್ದರೂ ಇದು ವರ್ಷಗಟ್ಟಲೆ ಮುಂದುವರಿಯುತ್ತದೆ. ಅಂಥ ಇನ್ಸರ್ಟಿನಿಂದ ತೆಳ್ಳನೆಯ ಸೀಳು ತೆಗೆದು ಬೆಳಕಿಗೆ ಹಿಡಿದರೆ, ಮೇಲ್ಮೈಗೆ ತುಸು ಕೆಳಗೆ ಬಿಳಿ ಪಟ್ಟಿ ಕಾಣುತ್ತದೆ. ಒಳ್ಳೆಯ ಪ್ಲಾಸ್ಟಿಕ್ ಆದರೆ ಬ್ಲೇಡಿಗೆ ಸುರುಳಿಯಾಗಿ ಬರುತ್ತದೆ. ಈ ಪಟ್ಟಿ ಬಂದಾಗ ಪುಡಿ ಉದುರುತ್ತದೆ. ಎಳೆದಾಟ ಹೆಚ್ಚಿರುವ ಆಳವೂ ಅದೇ, ಪ್ಲಾಸ್ಟಿಕ್ ಪೆಡಸಾದ ಆಳವೂ ಅದೇ. ಬಿರುಕು ಅಲ್ಲಿ ಹುಟ್ಟಿ ಅಡ್ಡಡ್ಡ ಹರಿದು, ಮೇಲಿನ ಪದರ ಹಳೇ ಗೋಡೆಯ ಬಣ್ಣದ ಹಾಗೆ ಹಕ್ಕಳೆಯೇಳುತ್ತದೆ. ಇದಕ್ಕೆ ನಡೆದವರು ಹೊಣೆಯೇ?

ಆಮೇಲೆ ಗಾಳಿ ತೆಗೆದ ಪೊಟ್ಟಣಗಳು ಬಂದವು. ಆದರೂ 2021–22ರಲ್ಲಿ ಅಮೆರಿಕದ ಎಕ್ಸಾಕ್‌ಟೆಕ್ ಕಂಪನಿ 2004ರಿಂದೀಚಿನ ತನ್ನ ಇನ್ಸರ್ಟುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಕಾರಣ, ಚೀಲದಲ್ಲಿ ಆಮ್ಲಜನಕ ತಡೆಯುವ ಒಂದು ಪದರ ಇರಲಿಲ್ಲ. ಇಷ್ಟು ಗೊತ್ತಿದ್ದೂ ಹೀಗಾದದ್ದು ನನಗೆ ಈಗಲೂ ಸಹಿಸಲಾಗದ ವಿಷಯ.

ಇನ್ನೊಂದು ಬಗೆಯ ಮುರಿತವಿದೆ. ಮೂಳೆಗಳನ್ನು ಕಟ್ಟಿಹಿಡಿಯುವ ಹಿಂಬದಿಯ ಅಸ್ಥಿರಜ್ಜುವನ್ನು ತೆಗೆದುಬಿಡುವ ವಿನ್ಯಾಸಗಳಲ್ಲಿ ಇನ್ಸರ್ಟಿನ ನಡುವೆ ಒಂದು ಪ್ಲಾಸ್ಟಿಕ್ ಗೂಟ ಇರುತ್ತದೆ. ಮಂಡಿ ಅತಿಯಾಗಿ ನೆಟ್ಟಗಾಗುವಂತೆ ಕೃತಕ ಭಾಗಗಳು ಕೂತಿದ್ದರೆ ಲೋಹದ ಅಂಚು ಗೂಟದ ಮುಂಭಾಗಕ್ಕೆ ಬಡಿಯುತ್ತಲೇ ಇರುತ್ತದೆ. ಒಂದು ದಿನ 'ಟಕ್' ಅನ್ನುತ್ತದೆ. ಮೆಟ್ಟಿಲಿಳಿಯುವಾಗ ಮಂಡಿ ನಿಲ್ಲುವುದೇ ಇಲ್ಲ. ಈಚಿನ ಕ್ರಾಸ್‌ಲಿಂಕ್ ಮಾಡಿದ, ಅಂದರೆ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆದ ಪ್ಲಾಸ್ಟಿಕ್ ಸವೆಯುವುದು ಕಮ್ಮಿ, ಆದರೆ ಬಿರುಕು ತಡೆಯುವ ಗಟ್ಟಿತನವೂ ಅದರಲ್ಲಿ ಕಮ್ಮಿ. ತೆಳು ಇನ್ಸರ್ಟು, ಸಣ್ಣ ಗೂಟ ಇದ್ದಲ್ಲಿ ಅದನ್ನು ಕಣ್ಣುಮುಚ್ಚಿ ಹಾಕಬಾರದು ಎಂಬುದು ನನ್ನ ನಿಲುವು.

ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕಾಣುವುದು ಲೋಹಗಳ ನಡುವಿನ ಖಾಲಿ ಜಾಗ ಮಾತ್ರ. ನಿಂತು ತೆಗೆಸಿದ ಹಳೆಯ ಮತ್ತು ಹೊಸ ಎಕ್ಸ್‌ರೇ ಪಕ್ಕಪಕ್ಕ ಇಟ್ಟರೆ ಆ ಜಾಗ ಕಿರಿದಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸವೆದ ಪುಡಿಗೆ ದೇಹದ ಜೀವಕೋಶಗಳು ಕೆರಳಿ ಸುತ್ತಲಿನ ಮೂಳೆ ಕರಗುತ್ತಿದ್ದರೂ ಬಹುಕಾಲ ನೋವೇ ಇರುವುದಿಲ್ಲ. ಬೇಗ ತಿಳಿದು, ಲೋಹದ ಭಾಗಗಳು ಇನ್ನೂ ಭದ್ರವಾಗಿದ್ದರೆ, ಎಷ್ಟೋ ಸಲ ಇನ್ಸರ್ಟ್ ಒಂದನ್ನೇ ಬದಲಿಸಿ ಮುಗಿಸಬಹುದು. ಹಾಗಾಗಿ ಹಳೆಯ ಎಕ್ಸ್‌ರೇ ಎಸೆಯಬೇಡಿ. ಇನ್ಸರ್ಟಿನ ಪೊಟ್ಟಣದ ಮೇಲೆ ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದರದೊಂದು ಪ್ರತಿಯನ್ನು ಆಪರೇಷನ್ ಮಾಡಿದ ಡಾಕ್ಟರಿಂದ ಕೇಳಿ ಪಡೆದು ಫೈಲಿನಲ್ಲಿ ಅಂಟಿಸಿಡಿ.