ಕಣದಿಂದ ಕಾಣುವ ಬೆಟ್ಟ

ನಮ್ಮ ಅಡುಗೆಮನೆಯ ಕಿಟಕಿ ಪಕ್ಕ ಒಂದು ಮೊಳೆ ಇದೆ. ವರ್ಷಗಟ್ಟಲೆ ಮನೆಯ ಮೊಬೈಲು ಬಟ್ಟೆ ಚೀಲವೊಂದರಲ್ಲಿ ಆ ಮೊಳೆಗೆ ನೇತಾಡುತ್ತಿತ್ತು. ಮನೆಯೊಳಗೆ ಸಿಗ್ನಲ್ ಬರುವ ಜಾಗ ಅದೊಂದೇ. ಫೋನ್ ಬಂದರೆ ಚೀಲದಿಂದ ತೆಗೆಯುವ ಹಾಗಿಲ್ಲ. ಸ್ಪೀಕರ್ ಹಾಕಿ, ಚೀಲದ ಹತ್ತಿರ ಬಾಯಿ ಇಟ್ಟು ಮಾತಾಡಬೇಕು. ಒಂದು ಹೆಜ್ಜೆ ಹಿಂದೆ ಸರಿದರೂ ಮಾತು ತುಂಡಾಗುತ್ತಿತ್ತು.

ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ಇಳಿದರೆ ನಮ್ಮ ಮನೆ. ಹಿಂದೆ ಗುಡ್ಡ, ಸುತ್ತ ಕಾಫಿ ತೋಟ, ಕೆಳಗೆ ಗದ್ದೆ. ಅಮ್ಮ ಹೋದ ಮೇಲೆ ಅಪ್ಪ ಒಬ್ಬರೇ ಇದ್ದರು. ನಾನು ಬೆಂಗಳೂರಿನ ಆಫೀಸಿನ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆಂದು ಒಪ್ಪಿಸಿ ಊರಿಗೆ ಬಂದೆ. ಬಂದಮೇಲೆ ಗೊತ್ತಾಯಿತು, ಮನೆಯಿಂದ ಅಂದರೆ ಮನೆಯಿಂದ ಆಗುವುದಿಲ್ಲ ಅಂತ. ಒಂದು ಫೈಲ್ ಕಳಿಸಬೇಕಾದರೂ ಲ್ಯಾಪ್‌ಟಾಪ್ ಹಿಡಿದು ಮೇಲಿನ ತಿರುವಿನವರೆಗೆ ಹತ್ತಬೇಕು. ಅಲ್ಲಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಕೆಲಸ. ಬೇಸಿಗೆಯಲ್ಲಿ ಪರವಾಗಿಲ್ಲ. ಜೂನ್ ಬಂದರೆ?

ಇನ್ನೊಂದು ಕಾರಣವೂ ಇತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಅಪ್ಪ ಅಮ್ಮ ಇಬ್ಬರೇ ಇಲ್ಲಿದ್ದರು. ನಮ್ಮ ತೋಟಕ್ಕೆ ಏನೂ ಆಗಲಿಲ್ಲ. ಆದರೆ ಕರೆಂಟ್ ಇಲ್ಲ, ಫೋನ್ ಇಲ್ಲ. ಮೂರು ದಿನ ನಾನೂ ತಂಗಿಯೂ ಟಿವಿ ಮುಂದೆ ಕೂತು ಕೆಂಪು ಮಣ್ಣು ಜಾರಿದ ಗುಡ್ಡಗಳನ್ನೇ ನೋಡುತ್ತಿದ್ದೆವು. ಆ ಮೂರು ದಿನ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಹಾಗೇ ಇದೆ.

ನೆಲದ ಕೇಬಲ್ ನಮ್ಮ ಕಡೆ ಬಂದಿಲ್ಲ. ಮರ ಬಿದ್ದು ತಂತಿ ಹರಿಯುವ ಊರಿದು. ಹಾಗಾಗಿ ಎದುರಿನ ಬೆಟ್ಟದ ಟವರ್‌ನಿಂದ ಗಾಳಿಯಲ್ಲೇ ಇಂಟರ್ನೆಟ್ ಕೊಡುವವರು ಇದ್ದಾರೆ ಎಂದು ಪಕ್ಕದ ತೋಟದ ಅಣ್ಣ ಹೇಳಿದಾಗ ಅವತ್ತೇ ಫೋನ್ ಮಾಡಿದೆ. ಇವು 5 ಗಿಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುವ ರೇಡಿಯೊಗಳು. ಆ ತರಂಗಪಟ್ಟಿಯ ಹೆಚ್ಚಿನ ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು ಎಂದು ಸರ್ಕಾರ ಆದೇಶ ಮಾಡಿದ್ದು ಕೂಡ 2018ರಲ್ಲೇ, ಅಕ್ಟೋಬರ್‌ನಲ್ಲಿ. ಹಾಗಾಗಿಯೇ ಊರುಮಟ್ಟದ ಸಣ್ಣವರೂ ಬೆಟ್ಟದ ಮೇಲೆ ಟವರ್ ಹಾಕಿ ಸುತ್ತಲಿನ ಮನೆಗಳಿಗೆ ಸಂಪರ್ಕ ಕೊಡುವುದು ಸುಲಭವಾಯಿತು.

ಮೇ ಕೊನೆಯ ವಾರ ಒಬ್ಬ ಹುಡುಗ ಜೀಪಿನಲ್ಲಿ ಬಂದ. ಅಗಲ ತಟ್ಟೆಯಷ್ಟು ದೊಡ್ಡ ಡಿಶ್, ಒಂದು ಸುರುಳಿ ಕೇಬಲ್, ಏಣಿ. ಮನೆಯ ಹಂಚಿನ ಮೇಲೆ ಹತ್ತಿ ಡಿಶ್ಶನ್ನು ಆ ಕಡೆ ಈ ಕಡೆ ತಿರುಗಿಸಿ ಮೊಬೈಲಿನಲ್ಲಿ ನೋಡಿದ.

"ಮೈನಸ್ 82, ಅಕ್ಕಾ. ಇದರಲ್ಲಿ ಆಗಲ್ಲ."

ಇದು ಡಿಶ್ಶಿಗೆ ಸಿಗುವ ಸಿಗ್ನಲ್ ಎಷ್ಟು ಗಟ್ಟಿ ಎನ್ನುವ ಲೆಕ್ಕ, ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ಮೈನಸ್ 65ಕ್ಕಿಂತ ಈಚೆಗೆ ಬಂದರೆ ಧೈರ್ಯವಾಗಿ ಹಾಕಬಹುದಂತೆ. ಅಡ್ಡ ಇದ್ದದ್ದು ಸಿಲ್ವರ್ ಓಕ್. ಮನೆಯ ಮುಂದೆ ಸಾಲಾಗಿ ಐದಾರು ಮರ, ಎಲ್ಲದಕ್ಕೂ ತುದಿಯವರೆಗೆ ಕರಿಮೆಣಸಿನ ಬಳ್ಳಿ ಹಬ್ಬಿದೆ. ಈ ತರಂಗಕ್ಕೆ ಎಲೆ ಅಂದರೆ ಆಗುವುದೇ ಇಲ್ಲ. ಎಲೆಯೊಳಗಿನ ನೀರು ಅದನ್ನು ಹೀರಿಕೊಳ್ಳುತ್ತದೆ. ಮಳೆ ಹನಿಗಿಂತ ಮಳೆಯಲ್ಲಿ ನೆಂದ ಎಲೆಯೇ ದೊಡ್ಡ ಅಡ್ಡಿ.

"ಎರಡು ಮರ ತೆಗೆದರೆ ಸಿಗ್ತದೆ, ಅಂಕಲ್," ಅಂದ ಹುಡುಗ.

ಅಪ್ಪ ಮಾತಾಡಲಿಲ್ಲ. ಆ ಬಳ್ಳಿಗಳು ಅಮ್ಮ ನೆಟ್ಟವು. ನನಗೂ ಗೊತ್ತು, ಅಪ್ಪನಿಗೂ ಗೊತ್ತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. "ನಿಮ್ಮ ಟವರ್ ಇರೋದು ಯಾವ ಬೆಟ್ಟದ ಮೇಲೆ? ಆ ಬೋಳು ತಲೆಯದರ ಮೇಲಾ?"

"ಹೌದು, ಅದೇ."

"ಹಾಗಾದ್ರೆ ಕಣಕ್ಕೆ ಬನ್ನಿ. ಅಲ್ಲಿಂದ ಅದು ಪೂರ್ತಿ ಕಾಣ್ತದೆ."

ಕಣ ಅಂದರೆ ಕಾಫಿ ಒಣಗಿಸುವ ಅಂಗಳ. ಮನೆಯಿಂದ ಸ್ವಲ್ಪ ದೂರದಲ್ಲಿ, ಎತ್ತರದಲ್ಲಿದೆ. ಬಿಸಿಲು ಬೀಳಲಿ ಅಂತ ಸುತ್ತ ಮರ ಬಿಟ್ಟಿಲ್ಲ. ಐವತ್ತು ವರ್ಷದಿಂದ ಅಪ್ಪ ಡಿಸೆಂಬರ್, ಜನವರಿಯಲ್ಲಿ ಅದೇ ಕಣದಲ್ಲಿ ನಿಂತು ಆ ಬೆಟ್ಟವನ್ನೇ ನೋಡುತ್ತಾ ಬಂದಿದ್ದಾರೆ. ಕಣದಲ್ಲಿ ಹಣ್ಣು ಹರಡಿರುವಾಗ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದರೆ ವರ್ಷದ ದುಡಿಮೆ ಹಾಳು. ಬೆಟ್ಟದ ತಲೆ ಮುಚ್ಚಿತು ಅಂದರೆ ಟಾರ್ಪಾಲು ಎಳೆಯಲು ಹತ್ತು ನಿಮಿಷ ಇದೆ ಅಂತ ಲೆಕ್ಕ. ನಾವು ಚಿಕ್ಕವರಿದ್ದಾಗ ಅಪ್ಪ "ಬೆಟ್ಟ ಹೋಯ್ತು!" ಅಂತ ಕೂಗಿದರೆ ಸಾಕು, ಊಟದ ತಟ್ಟೆ ಬಿಟ್ಟು ಓಡುತ್ತಿದ್ದೆವು. ಎಲ್ಲಿಂದ ಆ ಬೆಟ್ಟ ಎಷ್ಟು ಕಾಣುತ್ತದೆ ಎನ್ನುವುದು ಅಪ್ಪನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರುತ್ತದೆ?

ಕಣದ ಮೂಲೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಶೆಡ್ಡಿನ ಮೇಲೆ ಡಿಶ್ ಹಿಡಿದದ್ದೇ ಹುಡುಗನ ಮುಖ ಅರಳಿತು. ಮೈನಸ್ 58. ಕೇಳಲು 24 ಅಂಕದ ವ್ಯತ್ಯಾಸ ಅಷ್ಟೇ. ಆದರೆ ಹತ್ತು ಅಂಕ ಏರಿದರೆ ಶಕ್ತಿ ಹತ್ತು ಪಟ್ಟಾಗುತ್ತದೆ, ಇಪ್ಪತ್ತು ಏರಿದರೆ ನೂರು ಪಟ್ಟು. ಮನೆಯ ಹಂಚಿನ ಮೇಲೆ ಸಿಕ್ಕಿದ್ದಕ್ಕಿಂತ ಇಲ್ಲಿ ಸುಮಾರು 250 ಪಟ್ಟು ಹೆಚ್ಚು. ಟವರ್ ಬರೀ ಕಣ್ಣಿಗೆ ಕಂಡರೆ ಸಾಲದು, ನೇರ ಗೆರೆಯ ಸುತ್ತಲೂ ಸ್ವಲ್ಪ ಖಾಲಿ ಜಾಗ ಬೇಕು ಅಂತಲೂ ಹುಡುಗ ಹೇಳಿದ. ತರಂಗ ಹೋಗುವ ಹಾದಿ ಸೌತೆಕಾಯಿ ಹಾಗೆ, ಎರಡು ತುದಿ ಸಣ್ಣ, ನಡು ದಪ್ಪ. ನಮ್ಮಿಂದ ಟವರ್‌ಗೆ ನಾಲ್ಕು ಕಿಲೋಮೀಟರ್. ಅಷ್ಟು ದೂರಕ್ಕೆ ನಡುಮಧ್ಯದಲ್ಲಿ ಗೆರೆಯಿಂದ ಸುತ್ತಲೂ ಏಳು ಮೀಟರ್ ತೆರವಿರಬೇಕು. ನಮ್ಮ ನಡುಮಧ್ಯ ಕಣಿವೆಯ ಮೇಲಿನ ಬಯಲು ಗಾಳಿ. ಅಲ್ಲಿ ಯಾರ ಮರವೂ ಇಲ್ಲ.

ಈಗ ಬೇರೆ ತೊಂದರೆ. ಡಿಶ್ ಕಣದಲ್ಲಿ, ರೂಟರ್ ಮನೆಯಲ್ಲಿ. ನಡುವೆ ಹಾಕುವ ಲ್ಯಾನ್ ಕೇಬಲ್ 100 ಮೀಟರ್ ದಾಟಬಾರದು, ದಾಟಿದರೆ ನಂಬುವ ಹಾಗಿಲ್ಲ. ಅಪ್ಪ ಹಗ್ಗ ತಂದು ಬೇಲಿ ಗುಂಟ ಅಳೆದರು. ಏರು ತಗ್ಗು ಎಲ್ಲ ಸೇರಿ 85. ಸಾಕು! ಕೇಬಲ್ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ. ಅದು ಬೇಡ. ಡಿಶ್ಶಿಗೆ ಬೇಕಾದ ಕರೆಂಟ್ ಕೂಡ ಇದೇ ಕೇಬಲ್‌ನಲ್ಲಿ ಹೋಗುತ್ತದೆ, ನಮ್ಮದು 24 ವೋಲ್ಟಿನದು. ಇಷ್ಟು ದೂರಕ್ಕೆ ಅಗ್ಗದ ತಂತಿಯಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಪೂರ್ತಿ ತಾಮ್ರದ್ದು, ಹೊರಗೆ ಹಾಕಲಿಕ್ಕೆಂದೇ ಮಾಡಿದ ಕಪ್ಪು ಸಿಪ್ಪೆಯ ಕೇಬಲ್ಲೇ ಬೇಕು. ಇಲಿ ಹೆಗ್ಗಣ ಕಡಿಯದ ಹಾಗೆ ತೋಟಕ್ಕೆ ನೀರು ಬಿಡುವ ಹಳೆಯ ಕಪ್ಪು ಪೈಪಿನೊಳಗೆ ಅದನ್ನು ತೂರಿಸಿದೆವು. ಅದಕ್ಕೇ ಎರಡು ಗಂಟೆ ಹೋಯಿತು. ಕಿಟಕಿ ಹತ್ತಿರ ಬಂದಾಗ ಕೇಬಲ್ಲನ್ನು ಒಮ್ಮೆ ಕೆಳಗೆ ಇಳಿಬಿಟ್ಟು ಆಮೇಲೆ ಮೇಲೆತ್ತಿ ಒಳಗೆ ತಂದೆವು. ಆಗ ಮಳೆ ನೀರು ಕೇಬಲ್ ಹಿಡಿದು ಒಳಗೆ ಬರುವುದಿಲ್ಲ, ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ಅಷ್ಟರಲ್ಲಿ ಐದೂವರೆ. ಗುಡುಗು ಶುರುವಾಗಿತ್ತು. ಹುಡುಗ ತನ್ನ ಲ್ಯಾಪ್‌ಟಾಪ್ ಹಾಕಿ ಇಂಟರ್ನೆಟ್ ಬರುತ್ತದೆ ಎಂದು ತೋರಿಸಿದ. ಇನ್ನೂ ಒಂದು ಮನೆಗೆ ಹೋಗಬೇಕಿತ್ತು ಅವನಿಗೆ. ಕಾಫಿ ತೂಕದ ಚೀಟಿಯ ಹಿಂದೆ ಯೂಸರ್ ನೇಮ್, ಪಾಸ್‌ವರ್ಡ್ ಬರೆದುಕೊಟ್ಟು, "ರೂಟರ್ ನೀವೇ ಹಾಕ್ಕೊಳ್ಳಿ ಅಕ್ಕಾ, ಸುಲಭ ಇದೆ. ಒಂದೇ ಜ್ಞಾಪಕ ಇಟ್ಕೊಳ್ಳಿ, ಡಿಶ್ಶಿಗೆ ಕರೆಂಟ್ ಕೊಡೋ ಈ ಕಪ್ಪು ಡಬ್ಬಿಯಲ್ಲಿ ಎರಡು ತೂತು ಇದೆಯಲ್ಲ, ಪಿಒಇ ಅಂತ ಬರೆದಿರೋದು ಡಿಶ್ಶಿಗೆ, ಲ್ಯಾನ್ ಅಂತ ಇರೋದು ರೂಟರಿಗೆ. ಅದಲು ಬದಲು ಮಾಡಿದ್ರೆ ರೂಟರ್ ಸುಟ್ಟು ಹೋಗಬಹುದು," ಅಂದು ಹೊರಟ.

ಬೆಲ್ಲದ ಕಾಫಿ ಕುಡಿದು ಹಜಾರದ ಮೇಜಿನ ಮುಂದೆ ಕೂತೆವು. ಮೊದಲು ಆ ಎರಡು ತೂತುಗಳನ್ನು ಟಾರ್ಚ್ ಹಾಕಿ ಮೂರು ಸಲ ಓದಿದೆ. ಲ್ಯಾನ್‌ನಿಂದ ಬಂದ ತುಂಡು ಕೇಬಲ್ಲನ್ನು ರೂಟರಿಗೆ ಹೊರಗಿನಿಂದ ಇಂಟರ್ನೆಟ್ ಬರುವ ವ್ಯಾನ್ ತೂತಿಗೆ ಹಾಕಿದೆ. ಅದೊಂದಕ್ಕೆ ಮಾತ್ರ ನೀಲಿ ಬಣ್ಣ ಇತ್ತು, ಉಳಿದ ನಾಲ್ಕಕ್ಕೆ ಹಳದಿ. ರೂಟರಿನ ಹೊಟ್ಟೆಯಡಿ ಅಂಟಿಸಿದ ಚೀಟಿಯಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಇತ್ತು. ಅದಕ್ಕೆ ನನ್ನ ಫೋನ್ ಸೇರಿಸಿ, ಬ್ರೌಸರಿನಲ್ಲಿ 192.168.0.1 ಒತ್ತಿದೆ. ಪುಟ ತೆರೆಯಿತು. ಎಲ್ಲಕ್ಕಿಂತ ಮೊದಲು ರೂಟರಿನ ಒಳಹೊಕ್ಕುವ ಪಾಸ್‌ವರ್ಡನ್ನು ಬದಲಿಸಿದೆ. ಕಂಪನಿ ಕೊಟ್ಟದ್ದನ್ನು ಹಾಗೇ ಬಿಡಬಾರದು. ಆಮೇಲೆ ಸಂಪರ್ಕದ ಬಗೆ. ಅಲ್ಲಿ ಡೈನಾಮಿಕ್ ಐಪಿ ಅಂತಿತ್ತು. ನಮಗೆ ಬೇಕಾದದ್ದು ಪಿಪಿಪಿಒಇ, ಅಂದರೆ ಹೆಸರು, ಪಾಸ್‌ವರ್ಡ್ ಹೇಳಿದರೆ ಮಾತ್ರ ಬಾಗಿಲು ತೆಗೆಯುವ ಬಗೆ. ಅಪ್ಪ ಕನ್ನಡಕ ಹಾಕಿ ಚೀಟಿಯಿಂದ ಒಂದೊಂದೇ ಅಕ್ಷರ ಓದಿದರು. ನಾನು ಒತ್ತಿದೆ.

ಬರಲಿಲ್ಲ.

ಮತ್ತೆ ಓದಿದರು, ಮತ್ತೆ ಒತ್ತಿದೆ. ಫೋನಿನ ಕೀಬೋರ್ಡ್ ತಾನಾಗಿ ಮೊದಲ ಅಕ್ಷರವನ್ನು ದೊಡ್ಡದು ಮಾಡಿತ್ತು. ಅದನ್ನು ಸರಿ ಮಾಡಿದೆ. ಚೀಟಿಯಲ್ಲಿದ್ದದ್ದು ಸೊನ್ನೆಯೋ 'ಓ' ಅಕ್ಷರವೋ ಎಂದು ಅನುಮಾನ ಬಂತು. ಎರಡನ್ನೂ ಹಾಕಿ ನೋಡಿದೆ. ರೂಟರಿನ ದೀಪ ಕಿತ್ತಳೆ ಬಣ್ಣದಲ್ಲೇ ಮಿಣುಕುತ್ತಿತ್ತು. ಹೊರಗೆ ಮಳೆ ಜೋರಾಯಿತು. ಡಿಶ್ಶಿನ ಸಿಗ್ನಲ್ ನೋಡಿದರೆ ಮೈನಸ್ 59, ಅದರ ತಪ್ಪಲ್ಲ. ಸುಮ್ನೆ ಕೂರಲು ಮನಸ್ಸು ಬರಲಿಲ್ಲ. ಅಡುಗೆಮನೆಗೆ ಹೋಗಿ ಮೊಳೆಯ ಚೀಲದೊಳಗಿನ ಫೋನಿನಿಂದ ಹುಡುಗನಿಗೆ ಕರೆ ಮಾಡಿದೆ.

"ಅಯ್ಯೋ ಅಕ್ಕಾ, ನನ್ನ ಲ್ಯಾಪ್‌ಟಾಪ್ ಹಾಕಿ ನೋಡಿದ್ನಲ್ಲ, ಅದರ ಮ್ಯಾಕ್ ಅಲ್ಲಿ ಕೂತುಬಿಟ್ಟಿದೆ. ತೆಗೆಸ್ತೀನಿ. ಐದು ನಿಮಿಷ ರೂಟರ್ ಆಫ್ ಮಾಡಿ ಇಡಿ."

ಪ್ರತಿಯೊಂದು ಯಂತ್ರಕ್ಕೂ ಮ್ಯಾಕ್ ಅಂತ ಒಂದು ಗುರುತಿನ ಸಂಖ್ಯೆ ಇರುತ್ತದೆ. ಮೊದಲು ಬಂದ ಯಂತ್ರದ ಸಂಖ್ಯೆಯನ್ನು ನಮ್ಮ ಖಾತೆಗೆ ಕಟ್ಟಿಹಾಕುವುದು ಅವರ ಕ್ರಮ. ಹಾಗಾಗಿ ನಮ್ಮ ರೂಟರ್ ಅವರಿಗೆ ಪರಕೀಯ. ಇದು ಗೊತ್ತಿದ್ದರೆ ಒಂದು ಗಂಟೆ ಉಳಿಯುತ್ತಿತ್ತು. ಹೆಸರು, ಪಾಸ್‌ವರ್ಡ್ ಸರಿ ಇದ್ದೂ ಸಂಪರ್ಕ ಬಾರದಿದ್ದರೆ ಮೊದಲು ಇದನ್ನೇ ಕೇಳಿ ಎಂದು ಆಮೇಲೆ ಡಿಶ್ ಹಾಕಿಸಿದ ನಾಲ್ಕು ಮನೆಯವರಿಗೂ ಹೇಳಿದ್ದೇನೆ.

ಐದು ನಿಮಿಷ ಬಿಟ್ಟು ರೂಟರ್ ಹಾಕಿದೆ. ಕಿತ್ತಳೆ ದೀಪ ಎರಡು ಸಲ ಆರಿ ಹತ್ತಿ ಹಸಿರಾಯಿತು. ಅಪ್ಪನೇ ಮೊದಲು ನೋಡಿದ್ದು. "ಬಂತು ಮಗಾ."

ತಂಗಿಗೆ ವಿಡಿಯೊ ಕಾಲ್ ಮಾಡಿದೆವು. ಅವಳು ಪುಣೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅಪ್ಪ ಹಜಾರದಲ್ಲಿ ಕೂತು ಮಾತಾಡುತ್ತಿದ್ದಾರೆ ಅಂತ ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅಪ್ಪಾ, ಕಿಟಕಿ ಹತ್ರ ಇಲ್ವಾ ನೀವು?" ಅಂದಳು. ಆಮೇಲೆ ಅವಳಿಗೆ ಮಾತು ಬರಲಿಲ್ಲ. ಅಪ್ಪ ಫೋನ್ ಹಿಡಿದುಕೊಂಡು ಎದ್ದು ಮನೆಯೆಲ್ಲ ತೋರಿಸುತ್ತಾ ನಡೆದರು. ದೇವರ ಮನೆ, ಅಟ್ಟ, ಅಮ್ಮನ ಫೋಟೊ. ಕೋಣೆಯೊಳಗೆ ಹೋದಾಗ ಚಿತ್ರ ನಿಂತುಹೋಯಿತು.

ನಮ್ಮದು ಹಳೆಯ ಮನೆ. ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ರೂಟರ್ ಎರಡು ಬಗೆಯ ವೈಫೈ ಕೊಡುತ್ತದೆ. 5 ಗಿಗಾಹರ್ಟ್ಸಿನದು ವೇಗ ಜಾಸ್ತಿ, ಆದರೆ ಗೋಡೆ ದಾಟುವುದಿಲ್ಲ. 2.4ರದ್ದು ನಿಧಾನ, ಗೋಡೆ ದಾಟುತ್ತದೆ. ಮರುದಿನ ರೂಟರನ್ನು ಮೇಜಿನಿಂದ ತೆಗೆದು ಹಜಾರದ ನಡುಗಂಬದ ಮೇಲೆ ಕೂರಿಸಿದೆ. ಕೋಣೆ, ಅಡುಗೆಮನೆ ಎರಡಕ್ಕೂ 2.4 ಸಿಕ್ಕಿತು. ತೋಟದ ಕೆಲಸದವರಿರುವ ಲೈನ್ ಮನೆಯ ಹುಡುಗಿ ಪಿಯುಸಿ ಓದುತ್ತಿದ್ದಾಳೆ. ಅವಳಿಗೆಂದು ಗೆಸ್ಟ್ ವೈಫೈ ಬೇರೆ ತೆರೆದು, ಪಾಸ್‌ವರ್ಡ್ ಬರೆದುಕೊಟ್ಟೆ. ಜಗಲಿಯಲ್ಲಿ ಕೂತು ಪಾಠ ನೋಡುತ್ತಾಳೆ.

ಕರೆಂಟ್ ಬಗ್ಗೆ ಹೇಳದೆ ಇರಲಾಗದು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಇರುವುದೇ ವಿಶೇಷ. ರೂಟರಿಗೆ ಮಾತ್ರ ಸಣ್ಣ ಯುಪಿಎಸ್ ಇಟ್ಟರೆ ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ. ಡಿಶ್ಶಿಗೆ ಕರೆಂಟ್ ಕೊಡುವ ಆ ಕಪ್ಪು ಡಬ್ಬಿಯೂ ಆರದೆ ಇರಬೇಕು ಅಲ್ವಾ? ಎರಡನ್ನೂ ಮನೆಯ ಇನ್ವರ್ಟರಿಗೆ ಸೇರಿಸಿದೆವು. ಗುಡುಗು ಕೇಳಿದರೆ ಅಪ್ಪ ಬಂದು ಎರಡರ ಪ್ಲಗ್ಗನ್ನೂ, ಡಿಶ್ಶಿನ ಕೇಬಲ್ಲನ್ನೂ ಕಿತ್ತಿಡುತ್ತಾರೆ. ನಾನು ಮೀಟಿಂಗ್‌ನಲ್ಲಿದ್ದರೂ ಸರಿ. ಅದು ಸರಿಯೇ. 85 ಮೀಟರ್ ಉದ್ದದ ತಾಮ್ರ ಬಯಲಲ್ಲಿ ಬಿದ್ದಿರುವಾಗ ಸಿಡಿಲನ್ನು ನಂಬಬಾರದು.

ಜೂನ್‌ನಲ್ಲಿ ಮಳೆ ಹಿಡಿಯಿತು. ಗಾಳಿಗೆ ಡಿಶ್ ಒಂದು ಸಲ ತಿರುಗಿತ್ತು. ಅಪ್ಪ ಮತ್ತು ನಾನು ಅದನ್ನು ಬೆಟ್ಟದ ಕಡೆ ತಿರುಗಿಸಿ, ಎರಡು ಕಡೆ ತಂತಿ ಎಳೆದು ಕಟ್ಟಿದೆವು. ಅವರು ಶೆಡ್ಡಿನ ಮೇಲೆ, ನಾನು ಕೆಳಗೆ ಫೋನ್ ಹಿಡಿದು ಅಂಕ ಕೂಗುತ್ತಿದ್ದೆ. ಬೆಟ್ಟ ಮಂಜಿನಲ್ಲಿ ಕಾಣುತ್ತಲೇ ಇರಲಿಲ್ಲ. ಅಪ್ಪನಿಗೆ ಕಾಣಬೇಕಾಗಿಯೂ ಇರಲಿಲ್ಲ, ಮೊದಲ ಸಲಕ್ಕೇ ಮೈನಸ್ 61ಕ್ಕೆ ತಂದರು.

ಅಪ್ಪ ಮಳೆ ಅಳೆಯುವ ಪುಸ್ತಕ ಇಟ್ಟಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಅಂಗಳದ ಮಾಪಕದಲ್ಲಿ ನೋಡಿ, ಇಂಚು ಸೆಂಟಿನ ಲೆಕ್ಕದಲ್ಲಿ ಬರೆಯುತ್ತಾರೆ. ನೂರು ಸೆಂಟಿಗೆ ಒಂದಿಂಚು. ಡಿಶ್ಶಿನ ಅಂಕ ನೋಡುವುದು ಹೇಗೆಂದು ಅವರಿಗೆ ಹೇಳಿಕೊಟ್ಟಿದ್ದೆ. ಮೊನ್ನೆ ಪುಸ್ತಕ ತೆಗೆದು ನೋಡಿದರೆ ಮಳೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ಗೆರೆ ಎಳೆದು, ಜೂನ್‌ನಿಂದ ಪ್ರತಿದಿನದ್ದೂ ಬರೆದಿದ್ದಾರೆ. ಜುಲೈ 16ರ ಸಾಲಿನಲ್ಲಿ ಹೀಗಿದೆ: 4 ಇಂಚು 35 ಸೆಂಟು. ಮೈನಸ್ 62. ಚಿಕ್ಕವಳ ಹತ್ತಿರ ಮಾತಾಡಿದೆ.