ಗುಳ್ಳದ ಹೂವಿಗೆ ಬಂದ ದುಂಬಿ

ಇಂದು ಬೆಳಿಗ್ಗೆ ಕುಂಡದ ಮಟ್ಟುಗುಳ್ಳ ಬದನೆಯ ಗಿಡಕ್ಕೆ ನೀರು ಹಾಕುತ್ತಿದ್ದಾಗ, ಕಪ್ಪು ದುಂಬಿಯೊಂದು ನೇರಳೆ ಹೂವಿಗೆ ತಲೆಕೆಳಗಾಗಿ ಜೋತುಬಿದ್ದು, ಮೈಯನ್ನೆಲ್ಲ ನಡುಗಿಸುತ್ತ ಗುಂಯ್‌ಗುಡುತ್ತಿರುವುದನ್ನು ಕಂಡೆ.

ಬದನೆಯ ಹಳದಿ ಕೇಸರಗಳು ಉದ್ದಕ್ಕೆ ಬಿರಿದು ಪರಾಗವನ್ನು ಚೆಲ್ಲುವುದಿಲ್ಲ. ಅವುಗಳ ತುದಿಯಲ್ಲಿರುವ ಸಣ್ಣ ರಂಧ್ರಗಳಿಂದ ಅದು ಹೊರಗೆ ಉದುರಬೇಕಾದರೆ ಯಾರಾದರೂ ಹೂವನ್ನು ಹೀಗೆ ಅದುರಿಸಬೇಕು. ಟೊಮೆಟೊ ಮತ್ತು ಗಣಿಕೆ ಸೊಪ್ಪಿನ ಹೂಗಳಲ್ಲೂ ಹೀಗೆ ಅದುರಿಸಿದರೆ ಪರಾಗ ಚೆನ್ನಾಗಿ ಉದುರುತ್ತದೆ. ಗೂಡು ಕಟ್ಟಿ ಜೇನು ಕೂಡಿಡುವ ನಮ್ಮ ಜೇನುನೊಣಗಳಿಗೆ ಈ ವಿದ್ಯೆ ತಿಳಿಯದು, ದುಂಬಿಗೂ ನೀಲಿಪಟ್ಟೆಯ ಒಂಟಿ ಜೇನಿಗೂ ತಿಳಿದಿದೆ. ಗಾಳಿಯ ಅಲುಗಾಟಕ್ಕೂ ಬದನೆ ಕಾಯಿ ಕಚ್ಚುತ್ತದೆ ಎಂಬುದು ನಿಜ, ಆದರೆ ದುಂಬಿ ಬಂದುಹೋದ ಹೂಗಳಲ್ಲಿ ಕಾಯಿ ಹೆಚ್ಚು ನಿಲ್ಲುತ್ತದೆ.

ಉಡುಪಿಯ ಬಳಿಯ ಮಟ್ಟು ಗ್ರಾಮದ ಈ ತಳಿಗೆ 2011ರಲ್ಲಿ ಭೌಗೋಳಿಕ ಸೂಚಕದ (ಆ ಊರಿನದೇ ವಿಶಿಷ್ಟ ಬೆಳೆ ಎಂಬ) ಮಾನ್ಯತೆ ದೊರೆತಿದೆ. ಆ ಊರಿನ ಮಣ್ಣಿನ ರುಚಿ ನನ್ನ ಕುಂಡದಲ್ಲಿ ಬರಲಾರದು, ಆದರೂ ಗಿಡದ ಮೇಲಿನ ಮಮತೆ ಕಡಿಮೆಯಾಗುವುದಿಲ್ಲ.

ಕೊರಕ ಹುಳು ಹೊಕ್ಕು ಬಾಡಿದ ಕುಡಿಗಳನ್ನು ಕಂಡಕೂಡಲೇ ಕತ್ತರಿಸಿ ಸುಡುತ್ತೇನೆ. ಬೇವಿನೆಣ್ಣೆಯನ್ನು ಸಿಂಪಡಿಸುವುದಾದರೆ ಸಂಜೆ ದುಂಬಿಗಳು ಮರಳಿದ ಮೇಲೆಯೇ ಸಿಂಪಡಿಸಬೇಕು. ಮನೆಯಲ್ಲಿ ಬದನೆ ಬೆಳೆಸುವ ಸ್ನೇಹಿತರು ದಯವಿಟ್ಟು ಇದೊಂದನ್ನು ಪಾಲಿಸಿ.