ಬೆಂಕಿ ಬಿದ್ದ ಸೊಪ್ಪಿನ ಬೆಟ್ಟ: ಮಳೆಗೆ ಮುಂಚಿನ ಕೆಲಸ

ಉತ್ತರ ಕನ್ನಡದ ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಕಾಡಿಗೆ, ಬೆಂಕಿ ಬೀಳುವುದು ಹೆಚ್ಚಾಗಿ ಫೆಬ್ರವರಿ, ಮಾರ್ಚಿನಲ್ಲಿ. ಬುಡದಲ್ಲೇ ಅಡಿಕೆ ತೋಟ. ಮೃಗಶಿರ ಮಳೆಗೆ ಇನ್ನೂ ದಿನವಿದೆ ಎಂದು ಕೂತರೆ ಕೆಟ್ಟಿರಿ. ಅಶ್ವಿನಿ, ಭರಣಿಯ ಗುಡುಗು ಮಳೆ ಅರ್ಧ ಗಂಟೆ ಹೊಡೆದರೂ ಬೋಳು ನೆಲದ ಮೇಲ್ಮಣ್ಣು ತೋಟಕ್ಕಿಳಿಯುತ್ತದೆ. ಏಪ್ರಿಲ್ ಮಧ್ಯದೊಳಗೆ ಕೆಲಸ ಮುಗಿಯಬೇಕು.

ಮೊದಲು ನೆಲ ನೀರು ಕುಡಿಯುತ್ತದೆಯೇ ನೋಡಿ. ಬೂದಿ ಪೂರ್ತಿ ಸರಿಸಿ, ಮಣ್ಣಿನ ಮೇಲೆ ಹನಿ ನೀರು ಬಿಡಿ. 5 ಸೆಕೆಂಡ್ ಕಳೆದರೂ ಹನಿ ಗುಂಡಗೇ ನಿಂತಿದ್ದರೆ, ಸುಟ್ಟ ಎಲೆಯ ಮೇಣದಂಥ ಅಂಶ ಮಣ್ಣಿನ ಕಣಕ್ಕೆ ಅಂಟಿದೆ, ನೆಲ ನೀರು ಕುಡಿಯದು ಎಂದರ್ಥ. 2 ಮತ್ತು 5 ಸೆಂ.ಮೀ. ಆಳದಲ್ಲೂ ಬಿಟ್ಟು ನೋಡಿ. ಮೇಲೆ ಸರಿಯಿದ್ದು ಒಳಗೆ ಪದರ ಕೂತಿರುವುದುಂಟು. ಒಣಮರ ಬಿದ್ದು ಗಂಟೆಗಟ್ಟಲೆ ಉರಿದ ಜಾಗವನ್ನಂತೂ ಬಿಡಬೇಡಿ.

ಎಲ್ಲಕ್ಕಿಂತ ದೊಡ್ಡ ಕೆಲಸ ಹೊದಿಕೆಯದು. ಝಳಕ್ಕೆ ಬಾಡಿದ ಮರಗಳು ಕೆಲವೇ ವಾರಗಳಲ್ಲಿ ಎಲೆ ಉದುರಿಸುತ್ತವೆ. ಆ ದರಕನ್ನು ಈ ವರ್ಷ ಗುಡಿಸಬೇಡಿ, ತೋಟಕ್ಕೆ ಎಷ್ಟೇ ಬೇಕಿರಲಿ. ಬಯಲಾಗಿ ಉಳಿದ ಕಡೆ ಭತ್ತದ ಹುಲ್ಲು ಹರಡಿ, ಎಕರೆಗೆ 1ರಿಂದ 2 ಟನ್. ನೆಲದ ಶೇ. 60–70 ಮುಚ್ಚಿದರೆ ಸಾಕು, 5 ಸೆಂ.ಮೀ.ಗಿಂತ ದಪ್ಪವಾದರೆ ಚಿಗುರು ಮೇಲೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಸುಟ್ಟ ಗುಡ್ಡಗಳಿಗೂ ಭತ್ತದ ಹುಲ್ಲನ್ನೇ ಆರಿಸುವುದುಂಟು, ಗದ್ದೆಯ ಕಳೆ ಒಣ ಗುಡ್ಡದಲ್ಲಿ ಬದುಕುವುದಿಲ್ಲವೆಂದು. ನಮ್ಮಲ್ಲಿ ತಾಪತ್ರಯ ಬಿಡಾಡಿ ದನದ್ದು: ಹುಲ್ಲೂ ಹೋಯಿತು, ಗೊರಸಿಗೆ ಮಣ್ಣೂ ಸಡಿಲವಾಯಿತು. ಬೇಲಿ ಆಗದಿದ್ದರೆ ಸುಟ್ಟು ನಿಂತ ಪೊದೆಗಳನ್ನು ಕಡಿದು ಹರಡಿ, ನೆಲಕ್ಕೆ ತಾಗುವಂತೆ ತುಳಿಯಿರಿ. ತಾಗದ ಕೊಂಬೆಯ ಅಡಿಯಲ್ಲಿ ನೀರು ಆರಾಮಾಗಿ ಹರಿಯುತ್ತದೆ.

ಇಳಿಜಾರಿಗೆ ಅಡ್ಡ ದಿಮ್ಮಿ ಇಡುವುದು ಕಣ್ಣಿಗೆ ದೊಡ್ಡ ಕೆಲಸದಂತೆ ಕಂಡರೂ ಹೊದಿಕೆಯ ನಂತರದ್ದು. ತಪ್ಪಾಗಿ ಇಟ್ಟರೆ ಇಡದಿದ್ದುದೇ ವಾಸಿ. 20 ಸೆಂ.ಮೀ. ದಪ್ಪದ ದಿಮ್ಮಿಗೆ 7–8 ಸೆಂ.ಮೀ. ಆಳದ ಕಾಲುವೆ ತೋಡಿ, ಕೂರಿಸಿ, ಕೆಳಬದಿಗೆ ಗೂಟ ಹೊಡೆದು, ಮೇಲ್ಬದಿಗೆ ಮಣ್ಣು ಹಾಕಿ ಗುದ್ದಬೇಕು. ಅಡಿಯಲ್ಲಿ ಬೆರಳು ತೂರುವಷ್ಟು ಸಂದು ಉಳಿದರೂ ನೀರು ಅಲ್ಲೇ ಕೊರೆಯುತ್ತದೆ. ಸಮಪಾತಳಿಯನ್ನು ಕಣ್ಣಂದಾಜಿನಲ್ಲಿ ಗುರುತಿಸಬೇಡಿ, ಗಾರೆಯವರು ಮಟ್ಟ ನೋಡುವ ನೀರಿನ ಪೈಪ್ ತನ್ನಿ. ಒಂದು ತುದಿ ತುಸು ತಗ್ಗಿದರೂ ಇಡೀ ಸಾಲಿನ ನೀರು ಅತ್ತಲೇ ನುಗ್ಗಿ ಹೊಸ ಕೊರಕಲು ಹುಟ್ಟುತ್ತದೆ. ಎರಡೂ ತುದಿಗಳನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ. ಕಡಿದಾದಲ್ಲಿ ಸಾಲಿನಿಂದ ಸಾಲಿಗೆ 3–6 ಮೀಟರ್, ಇಳಿಜಾರು ಕಮ್ಮಿಯಾದಂತೆ 12ರವರೆಗೂ ಹೋಗಬಹುದು.

ಕೊರಕಲಿಗೆ ಕಲ್ಲುಕಟ್ಟು ಹಾಕುವುದಾದರೆ ಮೇಲಿನಿಂದ ಶುರುಮಾಡಿ. ಎತ್ತರ ಮೊಣಕಾಲು ಮೀರದಿರಲಿ; ನಡುಭಾಗ ತಗ್ಗಿರಲಿ, ಇಲ್ಲವಾದರೆ ನೀರು ದಂಡೆ ಕೊರೆದು ಪಕ್ಕದಿಂದ ದಾರಿ ಮಾಡಿಕೊಳ್ಳುತ್ತದೆ.

ಇಂಗುಗುಂಡಿ ಈಗ ಎಲ್ಲರ ಬಾಯಲ್ಲೂ ಇದೆ. ಸುಟ್ಟ ಕಡಿದಾದ ಇಳಿಜಾರಿನಲ್ಲಿ ಮೊದಲ ವರ್ಷ ಬೇಡ, ತೋಡಿ ಹಾಕಿದ ಸಡಿಲ ಮಣ್ಣೇ ಮೊದಲು ಹೊರಡುವುದು. ಬರಿ ನೆಲಕ್ಕೆ ಹುಲ್ಲಿನ ಬೀಜ ಎರಚುವುದೂ ಹಾಗೇ, ಬೀಜ ಮಳೆಯ ಜೊತೆ ತೋಟ ಸೇರುತ್ತದೆ. ಸುಟ್ಟ ಮರಗಳನ್ನು ಸತ್ತವೆಂದು ಬುಡ ಕೀಳಬೇಡಿ. ಎಷ್ಟೋ ಬುಡಗಳು ಚಿಗುರುತ್ತವೆ, ಚಿಗುರದಿದ್ದರೂ ಬೇರು ಒಂದೆರಡು ಮಳೆಗಾಲ ಮಣ್ಣು ಹಿಡಿದಿರುತ್ತದೆ.

ಮೊದಲ ದೊಡ್ಡ ಮಳೆ ನಿಂತ ಕೂಡಲೇ ಒಂದು ಸುತ್ತು ಹೋಗಿ ಬನ್ನಿ. ಹುಲ್ಲು ಜಾರಿ ಗುಡ್ಡೆಯಾದ ಕಡೆ ಹರವಿ, ಅಲುಗಿದ ಗೂಟ ಮತ್ತೆ ಹೊಡೆಯಿರಿ. ದಿಮ್ಮಿಯ ಹಿಂದೆ ತುಂಬಿದ ಮಣ್ಣನ್ನು ಎತ್ತಬೇಡಿ. ಅದರ ಮೇಲ್ಗಡೆ ಇನ್ನೊಂದು ಸಾಲು ಇಡಿ.